ಒಬ್ಬಂಟಿಯಾಗಿ ಚಂದ, ಗುಂಪಲ್ಲಿ ಮಾಯ

ಬೇಸ್ ಗಿಟಾರ್ ಕೊಳ್ಳೋಕೆ ಅಂಗಡಿಗೆ ಹೋದವರು ಹೆಚ್ಚುಕಮ್ಮಿ ಎಲ್ಲರೂ ಮಾಡೋದು ಒಂದೇ. ಗೋಡೆಯಿಂದ ಒಂದನ್ನು ಇಳಿಸಿಕೊಂಡು, ಆಂಪ್‌ಗೆ ಕೇಬಲ್ ಚುಚ್ಚಿ, ಮೂಲೆಯ ಸ್ಟೂಲ್ ಮೇಲೆ ಕೂತು ಒಬ್ಬರೇ ನುಡಿಸ್ತಾರೆ. ಆಂಪಿನ ಬೇಸ್ ನಾಬನ್ನು ಬಲಕ್ಕೆ ತಿರುಗಿಸ್ತಾರೆ, ಟ್ರೆಬಲ್ಲನ್ನೂ ಬಲಕ್ಕೆ, ನಡುವೆ ಇರೋ ಮಿಡ್ ಮಾತ್ರ ಎಡಕ್ಕೆ. ಆಹಾ, ಕೆಳಗೆ ಗುಡುಗು, ಮೇಲೆ ಗಾಜಿನಂಥ ಹೊಳಪು! ಕಾರ್ಡ್ ಉಜ್ಜಿ ಮನೆಗೆ ತರ್ತಾರೆ. ಭಾನುವಾರ ಜಾಮ್ ರೂಮಲ್ಲಿ ಡ್ರಮ್ಸು, ಎರಡು ಗಿಟಾರು, ಕೀಬೋರ್ಡು ಶುರುವಾಗಿದ್ದೇ ತಡ, ಆ ಚಂದದ ನಾದ ನಾಪತ್ತೆ. ವಾಲ್ಯೂಮ್ ಏರಿಸಿದರೆ ಕಿಟಕಿ ಗಾಜು ನಡುಗುತ್ತೆ, ಸ್ವರ ಮಾತ್ರ ಕೇಳಲ್ಲ.

ವಾರಾಂತ್ಯಕ್ಕೆ ಬೇಸ್ ನುಡಿಸೋ ನನ್ನನ್ನ ಗೆಳೆಯರು ಆಗಾಗ ಕೇಳ್ತಾರೆ: ‘ಗುರು, ಯಾವ ಬೇಸ್ ತಗೊಳ್ಲಿ?’ ಬಜೆಟ್ಟು, ಬ್ರ್ಯಾಂಡು, ಬಣ್ಣ ಎಲ್ಲ ಮಾತಾಡಬಹುದು. ಆದರೆ ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಒಂದು ಚೆನ್ನಾಗಿದೆ ಅನ್ನೋದನ್ನ ಅದನ್ನ ಒಂಟಿಯಾಗಿ ನಿಲ್ಲಿಸಿ ತೀರ್ಮಾನ ಮಾಡಬಹುದಾ? ಗಿಟಾರಿನ ವಿಷಯದಲ್ಲಿ ಮಾತ್ರ ಅಲ್ಲ, ಮನುಷ್ಯರ ವಿಷಯದಲ್ಲೂ?

ಮೊದಲು ಗಿಟಾರನ್ನೇ ನೋಡೋಣ. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಇ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಐದು ತಂತಿಯದ್ದಾದರೆ ಬಿ ಸ್ವರ ಇನ್ನೂ ಕೆಳಗೆ, 31ರ ಹತ್ತಿರ. ಆದರೆ ಯಾವ ತಂತಿಯೂ ಒಂದೇ ಕಂಪನ ಕೊಟ್ಟು ಸುಮ್ಮನಾಗಲ್ಲ. 41ರ ಜೊತೆಗೇ 82, 123, 164 ಅಂತ ಮಗ್ಗಿಯ ಹಾಗೆ ಒಂದು ಸಾಲೇ ಹೊರಡುತ್ತೆ. ಫೋನಿನ ಪುಟ್ಟ ಸ್ಪೀಕರಿಗೆ 41 ಹರ್ಟ್ಸ್ ಹೊರಡಿಸೋ ತಾಕತ್ತಿಲ್ಲ. ಆದರೂ ಫೋನಲ್ಲಿ ಹಾಡು ಕೇಳುವಾಗ ಬೇಸ್ ಯಾವ ಸ್ವರ ಹಿಡಿದಿದೆ ಅಂತ ತಿಳಿಯುತ್ತೆ. ಮೇಲಿನ ಸಾಲನ್ನು ಕೇಳಿಸಿಕೊಂಡ ಮಿದುಳು ಇಲ್ಲದ ಬುಡವನ್ನು ತಾನೇ ಕಟ್ಟಿಕೊಳ್ಳುತ್ತೆ.

ಅಂದ್ರೆ ಬೇಸಿನ ಗುರುತು ಅದರ ಪಾತಾಳದಲ್ಲಷ್ಟೇ ಇಲ್ಲ. ಬುಡದ ಜಾಗದಲ್ಲಿ ಡ್ರಮ್ಸಿನ ಕಿಕ್ ಕೂತಿರುತ್ತೆ. ಮೇಲಿನ ಹೊಳಪಿನ ಜಾಗವನ್ನ ಸಿಂಬಲ್ಲುಗಳು ಆಕ್ರಮಿಸಿಕೊಂಡಿರ್ತವೆ. ಬೇಸಿಗೆ ಮಾತಾಡೋಕೆ ಉಳಿಯೋದು ಮಧ್ಯದ ಪಟ್ಟಿ, ಅಂಗಡಿಯಲ್ಲಿ ನಾವು ಎಡಕ್ಕೆ ತಿರುಗಿಸಿದ ಅದೇ ಮಿಡ್. ಒಂಟಿಯಾಗಿ ಕೇಳಿದರೆ ಮಿಡ್ ಹೆಚ್ಚಿರೋ ಬೇಸ್ ಅಷ್ಟೇನೂ ಚಂದ ಇರಲ್ಲ. ನೆಗಡಿಯಾದವನು ಮೂಗಿನಲ್ಲಿ ಮಾತಾಡಿದ ಹಾಗಿರುತ್ತೆ. ಬ್ಯಾಂಡ್ ಶುರುವಾದ ಮೇಲೆ ನೋಡಿ, ಅರ್ಥವಾಗೋದು ಅದೊಂದೇ.

ಈ ವಾದ್ಯ ಹುಟ್ಟಿದ್ದೇ ಬೇರೆಯವರ ಮಧ್ಯೆ ಕೇಳಿಸಲಿ ಅಂತ. ಆಳೆತ್ತರದ ಮರದ ಬೇಸು ಡ್ರಮ್ಸು, ಎಲೆಕ್ಟ್ರಿಕ್ ಗಿಟಾರುಗಳ ಗದ್ದಲದಲ್ಲಿ ಮುಳುಗಿಹೋಗ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದರು. ಫ್ರೆಟ್ಟುಗಳಿರೋದರಿಂದ ಬೆರಳು ಕರಾರುವಾಕ್ಕಾಗಿ ಸ್ವರದ ಮೇಲೇ ಕೂರುತ್ತೆ, ಅದಕ್ಕೇ ಆ ಹೆಸರು. ರೇಡಿಯೋ ರಿಪೇರಿ ಮಾಡ್ತಿದ್ದ ಫೆಂಡರ್‌ಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಮಾಡಿದ್ದನ್ನೆಲ್ಲ ವಾದಕರ ಕೈಗೆ ಕೊಟ್ಟು, ಅವರು ಹೇಳಿದ್ದನ್ನ ಕೇಳಿ ತಿದ್ದಬೇಕಿತ್ತು. ಸ್ವಂತ ಕಿವಿಯೊಂದನ್ನೇ ನಂಬೋ ಸೌಲಭ್ಯ ಆತನಿಗೆ ಇರಲೇ ಇಲ್ಲ. ಅದು ಒಳ್ಳೆಯದೇ ಆಯಿತು.

ಆಮೇಲೆ ಬಂದ ಪ್ರತಿಯೊಂದು ಆಯ್ಕೆಯಲ್ಲೂ ಇದೇ ಪ್ರಶ್ನೆ ಅಡಗಿದೆ. ಪಿಕಪ್ ತಗೊಳ್ಳಿ. ಪ್ರಿಸಿಷನ್‌ಗೆ 1957ರಲ್ಲಿ ಎರಡು ತುಂಡಾದ ಪಿಕಪ್ ಬಂತು, ಒಂದು ತುಂಡು ಎರಡು ತಂತಿಗೆ, ಇನ್ನೊಂದು ಉಳಿದೆರಡಕ್ಕೆ. ಸುರುಳಿಗಳನ್ನು ಪರಸ್ಪರ ಉಲ್ಟಾ ಸುತ್ತಿರೋದರಿಂದ ಕರೆಂಟಿನ ಗುಂಯ್ ಸದ್ದು ಅಲ್ಲಲ್ಲೇ ವಜಾ ಆಗುತ್ತೆ. ಮಿಡ್ ತುಂಬಿದ ದನಿ, ಒಂದು ವಾಲ್ಯೂಮು, ಒಂದು ಟೋನು, ಮುಗೀತು. 1960ರ ‘ಜಾಝ್ ಬೇಸ್‌’ನಲ್ಲಿ ಎರಡು ಪಿಕಪ್ಪು. ಎರಡನ್ನೂ ಪೂರ್ತಿ ತೆರೆದರೆ, ತಂತಿಯನ್ನ ಎರಡು ಬೇರೆ ಜಾಗದಿಂದ ಕೇಳಿಸಿಕೊಳ್ಳೋದರಿಂದ ಕೆಲವು ಕಂಪನಗಳು ಒಂದನ್ನೊಂದು ನುಂಗಿ ಮಿಡ್ ಕುಸಿಯುತ್ತೆ. ಒಬ್ಬರೇ ನುಡಿಸುವಾಗ ನುಣುಪಾಗಿ ಕೇಳುತ್ತೆ. ಗಲಾಟೆಯ ಬ್ಯಾಂಡಲ್ಲಿ ಹಿಂದಿನ ಪಿಕಪ್ಪನ್ನ ಸ್ವಲ್ಪ ಮುಂದಿಟ್ಟರೆ ಮತ್ತೆ ಮಾತು ಬರುತ್ತೆ. ಯಾವುದು ಮೇಲು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾರ ಜೊತೆ ಅಂತ ಹೇಳಿದರೆ ಉತ್ತರ ಇದೆ.

ತಂತಿಯೂ ಹಾಗೇ. ಒಳಗಿನ ತಂತಿಗೆ ಉರುಟು ತಂತಿ ಸುತ್ತಿದರೆ ರೌಂಡ್‌ವೂಂಡ್, ಚಪ್ಪಟೆ ಪಟ್ಟಿ ಸುತ್ತಿದರೆ ಫ್ಲಾಟ್‌ವೂಂಡ್. ಮೊದಲನೆಯದು ಹೊಸದಾಗಿದ್ದಾಗ ಪಿಯಾನೋದಂತೆ ಝಣ್ ಅನ್ನುತ್ತೆ, ಬೆವರು ಕುಡಿದು ತಿಂಗಳುಗಳಲ್ಲಿ ಮಂಕಾಗುತ್ತೆ. ಎರಡನೆಯದು ಶುರುವಿನಿಂದಲೇ ಮೆದು, ವರ್ಷಗಟ್ಟಲೆ ಬಾಳುತ್ತೆ. ಹೊಸ ಬೇಸಿಗೆ ಲಕ್ಷ ಸುರಿಯೋ ಮುಂಚೆ ಕೆಲವು ಸಾವಿರಕ್ಕೆ ತಂತಿ ಬದಲಿಸಿ ನೋಡಿ ಅಂತ ನಾನು ಹೇಳೋದು ಅದಕ್ಕೇ. ಅದಕ್ಕೂ ಮುಂಚೆ ಒಂದು ಸ್ಕ್ರೂಡ್ರೈವರ್ ತಗೊಂಡು ಪಿಕಪ್ಪಿನ ಎತ್ತರ ಬದಲಿಸಿ ನೋಡಿ, ಅದು ಪುಕ್ಕಟೆ.

ಆಂಪಿಗೆ ಬಂದರೆ ಲೆಕ್ಕ ಇನ್ನೂ ಕಠಿಣ. ನಮ್ಮ ಕಿವಿ ಕೆಳಸ್ವರಗಳಿಗೆ ಮಂದ. ಇದನ್ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಜೊತೆಗೆ ದನಿ ಎರಡರಷ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಮ್ಮಿ ಹತ್ತು ಪಟ್ಟು ವಾಟ್ ಬೇಕು. ಅದಕ್ಕೇ ಗಿಟಾರಿನವರು 30, 50 ವಾಟಿನ ಆಂಪಲ್ಲಿ ಮೆರೆಯುವಾಗ ಬೇಸಿನವರು 300, 500 ಅಂತ ಹೊತ್ಕೊಂಡು ಮೆಟ್ಟಿಲು ಹತ್ತೋದು. ಅದೇ ಕೆಳಸ್ವರ ಅಪಾರ್ಟ್‌ಮೆಂಟಿನ ಗೋಡೆಯನ್ನ ಆರಾಮಾಗಿ ದಾಟುತ್ತೆ. ನಮಗೆ ಕೇಳೋದು ಸಂಗೀತ. ಪಕ್ಕದ ಮನೆಯ ಆಂಟಿಗೆ ಅದರ ಸ್ವರ, ಮಾತು ಎಲ್ಲ ಗೋಡೆಯಲ್ಲೇ ಸೋಸಿ ಹೋಗಿ ಬರೀ ಧುಂ ಧುಂ ಉಳಿಯುತ್ತೆ. ಮನೆಯಲ್ಲಿ ಹೆಡ್‌ಫೋನ್ ಹಾಕ್ಕೊಳ್ಳೋದು ಕೂಡ ಉಪಕರಣದ ಆಯ್ಕೆಯೇ, ಅದೂ ಬೇರೆಯವರ ಕಿವಿಯಿಂದ ಮಾಡೋ ಆಯ್ಕೆ.

ನಮ್ಮ ಕಚೇರಿಗಳಲ್ಲಿ ಇದಕ್ಕೊಂದು ಒಳ್ಳೆ ಪದವಿದೆ: ಪಕ್ಕವಾದ್ಯ. ಪಕ್ಕದಲ್ಲಿ ಕೂತದ್ದು. ಮೃದಂಗದವರಿಗೆ, ಪಿಟೀಲಿನವರಿಗೆ ತನಿ, ಮನೋಧರ್ಮ ಅಂತ ಒಂದಿಷ್ಟು ಅವಕಾಶವಾದರೂ ಇದೆ. ಅವರಿಗಿಂತಲೂ ಹಿಂದೆ ತಂಬೂರಿ ಹಿಡಿದವರು ಕೂತಿರ್ತಾರೆ. ಮೀಟುತ್ತಲೇ ಇರುವಷ್ಟು ಹೊತ್ತು ಯಾರ ಗಮನಕ್ಕೂ ಬರಲ್ಲ, ನಿಲ್ಲಿಸಿದರೆ ಇಡೀ ಕಚೇರಿಯ ನೆಲ ಕುಸಿಯುತ್ತೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡ್ತಾರಲ್ಲ, ಅದಕ್ಕೆ ಜೀವಾಳ ಅಂತಾರೆ. ಅದು ಸರಿಯಾದ ಜಾಗದಲ್ಲಿ ಕೂತಾಗ ಮೇಲಿನ ಸ್ವರಗಳೆಲ್ಲ ಅರಳುತ್ತವೆ. ಅಲ್ಲೂ ಅದೇ ಗುಟ್ಟು. ಆಧಾರ ಅಂದರೆ ಬರೀ ಕೆಳಗಿನ ಭಾರ ಅಲ್ಲ, ಅದಕ್ಕೊಂದು ಗುರುತು ಹಿಡಿಯೋ ದನಿ ಬೇಕು.

ಇಲ್ಲಿಯವರೆಗೆ ಮಾತು ಸಲೀಸು. ‘ನಿನ್ನನ್ನ ಮರೆತು ಗುಂಪಿಗೆ ಬೇಕಾದ್ದನ್ನ ಆರಿಸು’ ಅಂತ ನೀತಿಪಾಠ ಮಾಡಿ ಇಲ್ಲೇ ಮುಗಿಸಿಬಿಡಬಹುದಿತ್ತು. ಆದರೆ ಈ ನೀತಿಪಾಠಕ್ಕೆ ಎದುರಾಗಿ ಜೇಮ್ಸ್ ಜೇಮರ್ಸನ್ ನಿಲ್ತಾರೆ.

ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದ ಹಿಟ್ ಹಾಡುಗಳಲ್ಲಿ ಬಹುಪಾಲಿನ ಬೇಸ್ ನುಡಿಸಿದವರು ಅವರು. ಸಲಕರಣೆ ಅಂದರೆ ಮುಖ್ಯವಾಗಿ 1962ರ ಒಂದು ಪ್ರಿಸಿಷನ್ ಬೇಸ್, ದಪ್ಪನೆಯ ಫ್ಲಾಟ್‌ವೂಂಡ್ ತಂತಿ. ತುಂಡಾಗದ ಹೊರತು ತಂತಿ ಬದಲಿಸ್ತಿರಲಿಲ್ಲ ಅಂತಲೇ ಅವರ ಖ್ಯಾತಿ. ಬಲಗೈಯಲ್ಲಿ ಮೀಟುತ್ತಿದ್ದದ್ದು ತೋರುಬೆರಳೊಂದರಿಂದ. ಹೊಳಪಿಲ್ಲ, ಗುಡುಗಿಲ್ಲ. ಆದರೆ ಆ ಹಾಡುಗಳಿಂದ ಅವರ ಬೇಸನ್ನ ತೆಗೆದರೆ ಹಾಡೇ ಬಿದ್ದುಹೋಗುತ್ತೆ. ನಾನು ಇಷ್ಟು ಹೊತ್ತು ಹೇಳಿದ ಆದರ್ಶ ಇದೇ ತಾನೇ? ಈಗ ಇನ್ನೊಂದು ಮುಖ ನೋಡಿ. ವರ್ಷಗಳ ಕಾಲ ಆ ರೆಕಾರ್ಡುಗಳ ಮೇಲೆ ವಾದಕರ ಹೆಸರೇ ಇರ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಬಂದಾಗ ಕೊನೆಗೂ ಜೇಮರ್ಸನ್ ಹೆಸರು ಅಚ್ಚಾಯಿತು. 1983ರಲ್ಲಿ ಮೋಟೌನ್ 25 ವರ್ಷದ ಸಂಭ್ರಮ ಆಚರಿಸಿತು. ಅದನ್ನ ಅವರು ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದರು ಅಂತ ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು, 47 ವರ್ಷ ವಯಸ್ಸು.

ಹಾಗಾದರೆ ಗುಂಪಿನೊಳಗೆ ಕರಗು ಅನ್ನೋದು ಸದ್ಗುಣವಾ, ಇಲ್ಲ ಕರಗಿಸಿಕೊಂಡವರ ಅನುಕೂಲವಾ?

ಐಟಿ ಆಫೀಸಲ್ಲಿ ಕೆಲಸ ಮಾಡೋರಿಗೆ ಈ ಪ್ರಶ್ನೆ ಹೊಸದಲ್ಲ. ರಾತ್ರಿ ಎರಡಕ್ಕೆ ಎದ್ದು ಸರ್ವರ್ ನೋಡಿಕೊಳ್ಳೋ ಹುಡುಗಿಯ ಕೆಲಸ ಚೆನ್ನಾಗಿ ನಡೀತಿದೆ ಅನ್ನೋದಕ್ಕೆ ಸಾಕ್ಷಿ ಏನೂ ಆಗದೇ ಇರೋದು. ಅಪ್ರೈಸಲ್ ಬಂದಾಗ ‘ನಿನ್ನ ವಿಸಿಬಿಲಿಟಿ ಕಮ್ಮಿ’ ಅಂತಾರೆ. ಕೇಳಿದರೆ ಟೀಮ್ ಸ್ಪಿರಿಟ್ಟಿನ ಬಗ್ಗೆ, ಇನ್ನೂ ಮುಂದೆ ಹೋಗಿ ನಿಷ್ಕಾಮ ಕರ್ಮದ ಬಗ್ಗೆ ಪ್ರವಚನ. ನಿಷ್ಕಾಮ ಕರ್ಮ ಅಂತ ನನಗೆ ನಾನೇ ಹೇಳಿಕೊಂಡರೆ ಅದು ಸಾಧನೆ. ಮೇಲಿನವರು ನನಗೆ ಹೇಳಿದರೆ ಅದು ಅವರ ಉಳಿತಾಯ.

ಇದರಿಂದ ರೋಸಿಹೋದವರು ಅಂಗಡಿಯ ಆ ಮಿಡ್ ಇಲ್ಲದ ನಾದಕ್ಕೆ ಮರಳ್ತಾರೆ. ಗುಂಪು ಹಾಳಾಗಲಿ, ನನ್ನ ಗುಡುಗು, ನನ್ನ ಹೊಳಪು ಅಂತ. ಆದರೆ ಆ ನಾದಕ್ಕೆ ಏನಾಯಿತು? ಅದು ಗುಂಪಿಗೂ ಉಪಯೋಗಕ್ಕೆ ಬರಲಿಲ್ಲ, ತಾನೂ ಕೇಳಿಸಲಿಲ್ಲ. ಜೇಮರ್ಸನ್ ಹೆಸರು ಗೊತ್ತಿಲ್ಲದಿದ್ದ ಕಾಲದಲ್ಲೂ ಆ ಬೇಸನ್ನ ಬೇರೆ ವಾದಕರು ಗುರುತು ಹಿಡಿದು ಕಲೀತಿದ್ದರು. ಜೊತೆಯವರಿಗೆ ಜಾಗ ಬಿಟ್ಟು ಉಳಿದ ಜಾಗದಲ್ಲಿ ಗಟ್ಟಿಯಾಗಿ ನಿಂತವನ ದನಿಯೇ ಅವನದು ಅಂತ ತಿಳಿಯೋದು. ಸೇವೆ ಮತ್ತು ಸ್ವಂತಿಕೆ ಶತ್ರುಗಳು ಅಂತ ನಾವಂದುಕೊಂಡಿದ್ದೀವಿ. ಬೇಸಿನ ಮಟ್ಟಿಗಂತೂ ಎರಡೂ ವಾಸ ಮಾಡೋದು ಒಂದೇ ಮಿಡ್ಡಿನಲ್ಲಿ.

ಬೇಸಿನವರು ಮುಂದೆ ಬರಲೇಬಾರದು ಅಂತಲೂ ಇದರ ಅರ್ಥವಲ್ಲ. ಜಾಕೊ ಪಾಸ್ಟೋರಿಯಸ್ ಫ್ರೆಟ್ಟುಗಳಿಲ್ಲದ ತಮ್ಮ ಜಾಝ್ ಬೇಸಿನ ಮೇಲೆ ದೋಣಿಗೆ ಬಳಿಯೋ ಎಪಾಕ್ಸಿಯನ್ನ ಬಳಿದು, ರೌಂಡ್‌ವೂಂಡ್ ತಂತಿ ಹಾಕಿ, ಹಿಂದಿನ ಪಿಕಪ್ಪಿನಿಂದ ಹಾಡುವ ದನಿ ತೆಗೆದರು. 1976ರಲ್ಲಿ ಜೋನಿ ಮಿಚೆಲ್ ಅವರ ‘ಹೆಜಿರಾ’ ಕೇಳಿ. ಆ ಹಾಡುಗಳಲ್ಲಿ ಬೇಸ್ ಎರಡನೇ ಗಾಯಕನ ಹಾಗಿದೆ. ಅಲ್ಲಿ ಅಷ್ಟು ಜಾಗ ಖಾಲಿ ಇತ್ತು, ಅವರು ಆ ಜಾಗ ತುಂಬಿದರು. ಯಾರನ್ನೂ ತಳ್ಳಲಿಲ್ಲ.

ಹೀಗೆ ಯೋಚಿಸುತ್ತಾ ನನಗೆ ಸಿಕ್ಕ ಉತ್ತರ ಎರಡು ಭಾಗದ್ದು. ದನಿಯ ಜಾಗ ಯಾವುದು ಅನ್ನೋದು ನನ್ನ ಹೊಣೆ. ಅದನ್ನ ಜೊತೆಯವರ ಜೊತೆ ನಿಂತೇ ಆರಿಸಬೇಕು. ಆ ದನಿ ಯಾರದ್ದು ಅಂತ ಹೆಸರು ಹೇಳೋದು ಉಳಿದವರ ಹೊಣೆ. ಜೇಮರ್ಸನ್ ಮೊದಲನೆಯದನ್ನ ಪೂರ್ತಿ ಮಾಡಿದ್ದರು. ಎರಡನೆಯದನ್ನ ಮಾಡಬೇಕಾದವರು ಮಾಡಲಿಲ್ಲ. ಅವರ ತಪ್ಪಿಗೆ ಜೇಮರ್ಸನ್ ಅವರ ವಿನಯವನ್ನ ದೂರಬಾರದು, ಆ ವಿನಯವನ್ನೇ ನೆಪ ಮಾಡಿಕೊಂಡು ಅವರ ತಪ್ಪನ್ನ ಮನ್ನಿಸಲೂಬಾರದು. ನಮ್ಮ ಕಡೆ ಎ. ಆರ್. ರೆಹಮಾನ್ ತಮ್ಮ ಆಲ್ಬಂಗಳಲ್ಲಿ ವಾದಕರ ಹೆಸರು ಅಚ್ಚು ಹಾಕಿಸುತ್ತಾ ಬಂದರು. ಚೆನ್ನೈನ ಬೇಸ್ ವಾದಕ ಕೀತ್ ಪೀಟರ್ಸ್ ಹೆಸರು ನನ್ನಂಥವರಿಗೆ ಗೊತ್ತಾದದ್ದು ಹಾಗೇ. ಒಂದು ಸಾಲು ಅಕ್ಷರಕ್ಕೆ ಎಷ್ಟು ಖರ್ಚಾಗುತ್ತೆ ಹೇಳಿ?

ಈ ‘ಉಳಿದವರು’ ಅನ್ನೋದರಲ್ಲಿ ನಾನೂ ಇದ್ದೀನಿ. ನಾವು ನುಡಿಸಿದ ಒಂದು ಕಾರ್ಯಕ್ರಮದ ಪೋಸ್ಟರ್‌ನಲ್ಲಿ ಗಾಯಕನ ಫೋಟೋ, ಗಾಯಕನ ಹೆಸರು ಅಷ್ಟೇ ಇತ್ತು. ಡ್ರಮ್ಸಿನವಳ ಹೆಸರೂ ಹಾಕಿ ಅಂತ ಆಯೋಜಕರಿಗೆ ಹೇಳಿದೆ. ‘ಬಿಡಿ ಸಾರ್, ಯಾರು ಓದ್ತಾರೆ’ ಅಂದರು. ‘ಅವರಮ್ಮ ಓದ್ತಾರೆ, ಹಾಕಿ’ ಅಂದೆ. ನಾಲ್ಕೂ ಹೆಸರು ಬಂತು, ಸಣ್ಣ ಅಕ್ಷರದಲ್ಲಿ. ನನ್ನ ಹೆಸರು ನಾನು ಕೇಳಿದರೆ ದುರಾಸೆ ಅನ್ನಿಸಬಹುದು. ಅವಳ ಹೆಸರು ನಾನು ಕೇಳೋದಕ್ಕೆ ಯಾವ ಸಂಕೋಚವೂ ಬೇಕಿಲ್ಲ. ಎಲ್ಲರೂ ಪಕ್ಕದವರ ಹೆಸರು ಕೇಳಿಬಿಟ್ಟರೆ ಯಾರೂ ತಮ್ಮದನ್ನ ಕೇಳಿಕೊಳ್ಳಬೇಕಾಗಲ್ಲ.

ಈಗ ಆ ಮೊದಲ ಪ್ರಶ್ನೆ, ಯಾವ ಬೇಸ್ ತಗೊಳ್ಳೋದು? ಸಾಧ್ಯವಾದರೆ ಅಂಗಡಿಯಲ್ಲೇ ತೀರ್ಮಾನ ಮಾಡಬೇಡಿ. ಯಾರದ್ದಾದರೂ ಎರವಲು ತಂದು ಜಾಮ್ ರೂಮಲ್ಲಿ ಡ್ರಮ್ಸಿನ ಜೊತೆ ನುಡಿಸಿ. ಮಿಡ್ ನಾಬನ್ನ ನಡುವೆ ಇಟ್ಟು ಶುರು ಮಾಡಿ. ಫೋನನ್ನ ನಿಮ್ಮ ಆಂಪಿನ ಎದುರಿಗಲ್ಲ, ಬಾಗಿಲ ಹತ್ತಿರ, ಕೇಳುಗರು ನಿಲ್ಲೋ ಜಾಗದಲ್ಲಿಟ್ಟು ರೆಕಾರ್ಡ್ ಮಾಡಿ. ಆಮೇಲೆ ಕೇಳುವಾಗ ನನ್ನ ಬೇಸ್ ಚೆನ್ನಾಗಿದೆಯಾ ಅಂತ ಕೇಳ್ಕೋಬೇಡಿ. ನಾನಿದ್ದಾಗ ಡ್ರಮ್ಸು ಚೆನ್ನಾಗಿ ಕೇಳ್ತಿದೆಯಾ, ಗಾಯಕನಿಗೆ ಶ್ರುತಿ ಹಿಡಿಯೋದು ಸಲೀಸಾಯಿತಾ ಅಂತ ಕೇಳ್ಕೊಳ್ಳಿ. ಹೌದು ಅನ್ನಿಸಿದರೆ, ಬೆಲೆ ಹದಿನೈದು ಸಾವಿರವೇ ಇರಲಿ, ಅದೇ ನಿಮ್ಮ ಬೇಸ್. ಕೊನೆಗೆ ಆ ರೆಕಾರ್ಡಿಂಗನ್ನ ಯಾರಿಗಾದರೂ ಕಳಿಸುವಾಗ, ಕೆಳಗೆ ಎಲ್ಲರ ಹೆಸರೂ ಟೈಪ್ ಮಾಡಿ ಕಳಿಸಿ.