ಹಳೇ ಕಂಪ್ಯೂಟರಿನೊಳಗಿನ ದನಿ

 

ವೈರಾಗ್ಯದ ಪದಗಳನ್ನು ದಿನಾ ಹಾಡೋ ನಾವು ಒಂದು ಹಳೇ ವಸ್ತುವನ್ನು ಬಿಡಲಾರದೆ ಒದ್ದಾಡಿದರೆ ಅದು ಮೋಹ ಅಲ್ಲವೇ? ಹೀಗೆ ಕೇಳಿದವನು ನನ್ನ ಮಗ, ಅದೂ ನಗುತ್ತಾ. ನಮ್ಮ ಬೇಸ್‌ಮೆಂಟಿನ ಹಳೇ ಡೆಸ್ಕ್‌ಟಾಪ್ ಆನ್ ಆಗುತ್ತಿರಲಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತೆ, ಬೀಪ್ ಬೀಪ್ ಅನ್ನುತ್ತೆ, ಪರದೆ ಮಾತ್ರ ಕಪ್ಪು. 2009ರಲ್ಲಿ ಅತ್ತೆಯವರು ಆರು ತಿಂಗಳು ನ್ಯೂಜೆರ್ಸಿಗೆ ಬಂದಿದ್ದಾಗ ಹಾಡಿದ ಹಾಡುಗಳು ಅದರಲ್ಲಿದ್ದವು. ಈಗ ಅವರಿಲ್ಲ.

ಅಂಗಡಿಯವನೊಬ್ಬ "ಸತ್ತುಹೋಗಿದೆ" ಅಂದ. ಆದರೆ ಬೀಪ್ ಅನ್ನುವುದು ಸತ್ತದ್ದರ ಲಕ್ಷಣ ಅಲ್ಲ. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ಮೊದಲು ತನ್ನನ್ನೇ ತಾನು ಪರೀಕ್ಷೆ ಮಾಡಿಕೊಳ್ಳುತ್ತೆ. ಪ್ರೊಸೆಸರ್, ಮೆಮೊರಿ, ಡಿಸ್‌ಪ್ಲೇ ಎಲ್ಲ ಇವೆಯಾ ಅಂತ. ಏನೋ ಕೊರತೆ ಇದ್ದು, ಅದನ್ನು ಪರದೆಯ ಮೇಲೆ ತೋರಿಸಲೂ ಆಗದಿದ್ದಾಗ ಬೀಪ್ ಮಾಡಿ ಹೇಳುತ್ತೆ. ಎಷ್ಟು ಬೀಪಿಗೆ ಏನರ್ಥ ಅನ್ನೋದು ಒಂದೊಂದು ತಯಾರಿಕೆಯಲ್ಲಿ ಒಂದೊಂದು ಥರ. ನಾನು ತಾಳ ಹಾಕಿಯೇ ಎಣಿಸಿದೆ, ಅಭ್ಯಾಸಬಲ! ನಮ್ಮದರಲ್ಲಿ ಅದು ಮೆಮೊರಿಯ ಕಡೆ ಬೊಟ್ಟು ಮಾಡುತ್ತಿತ್ತು.

ಪ್ಲಗ್ ಕಿತ್ತು, ಉಳಿದ ಕರೆಂಟ್ ಇಳಿಯಲಿ ಅಂತ ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕೈಯನ್ನು ಲೋಹಕ್ಕೆ ಮುಟ್ಟಿಸಿ, ಮೆಮೊರಿ ಪಟ್ಟಿಗಳನ್ನು ಹೊರಗೆ ತೆಗೆದೆವು. ಅಂಚಿನ ಬಂಗಾರದ ಬಣ್ಣದ ಭಾಗವನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನೋವರೆಗೆ ಒತ್ತಿ ಕೂರಿಸಿದೆವು. ಜೊತೆಗೆ ಮದರ್‌ಬೋರ್ಡಿನ ಬಿಲ್ಲೆಯಂಥ ಸಿಆರ್2032 ಸೆಲ್ಲನ್ನೂ ಬದಲಾಯಿಸಿದೆವು, ಬರೀ 3 ವೋಲ್ಟಿನದು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಅಪಾಯದ ಕರೆಂಟ್ ಇರಬಹುದು. ಮೂರನೇ ಸಲಕ್ಕೆ ಆನ್ ಆಯಿತು, ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನದು. ಆಗದಿದ್ದರೂ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಬಹುದಿತ್ತು. ಪೆಟ್ಟಿಗೆ ಕೆಟ್ಟರೆ ಒಳಗಿನದೂ ಹೋಯಿತು ಅಂತಲ್ಲ.

ಈಗ ಮಗನ ಪ್ರಶ್ನೆಗೆ ಬರೋಣ. ನನ್ನ ಮಟ್ಟಿಗೆ ಅದು ಮೋಹಕ್ಕಿಂತ ಹೆಚ್ಚಾಗಿ ಋಣ. ಪುರಂದರದಾಸರ ಪದಗಳ ಸಾಹಿತ್ಯ ನಮಗೆ ಸಿಕ್ಕಿದೆ, ಆದರೆ ಅವರು ಹಾಡಿದ ಮೂಲ ಮಟ್ಟುಗಳು ಬಹುಪಾಲು ಕಳೆದುಹೋಗಿವೆ. ನಾವಿಂದು ಕಛೇರಿಯಲ್ಲಿ ಕೇಳೋದು ಹೆಚ್ಚಾಗಿ ಆಮೇಲಿನವರು ಕೂರಿಸಿದ ರಾಗಗಳು. ಹರಪನಹಳ್ಳಿ ಭೀಮವ್ವನವರಂಥವರ ಹಾಡುಗಳಂತೂ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಬಾಯಲ್ಲೇ ಬದುಕಿದವು. ಅತ್ತೆಯವರು ಹಾಡಿದ ಒಂದು ಆರತಿ ಹಾಡಿನ ಧಾಟಿ ನನ್ನ ಯಾವ ಸ್ವರಲಿಪಿ ಪುಸ್ತಕದಲ್ಲೂ ಇಲ್ಲ. ಭೀಮಪಲಾಸಿಯ ಛಾಯೆ, ನಡುವೆ ಕುಕ್ಕರ್ ಸೀಟಿ. ಅದನ್ನು ಬಚ್ಚಿಟ್ಟುಕೊಂಡು ಒಬ್ಬಳೇ ಕೇಳುತ್ತಾ ಕೂತರೆ ಮೋಹ ಅನ್ನಿ, ಒಪ್ಪುತ್ತೇನೆ. ಶನಿವಾರದ ಕ್ಲಾಸಿನ ಮಕ್ಕಳಿಗೆ ಎರಡು ಚರಣ ಆಗಿದೆ. ಮೂರನೆಯದರ ಒಂದು ಎಳೆತ ಇನ್ನೂ ಅವರ ಕಂಠಕ್ಕೆ ಕೂತಿಲ್ಲ.

ಪೆಟ್ಟಿಗೆಯ ಮೇಲೆ ನನಗೇನೂ ಆಸೆಯಿಲ್ಲ. ಈ ರಾಜ್ಯದಲ್ಲಿ 2011ರಿಂದ ಕಂಪ್ಯೂಟರನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ, ಮರುಬಳಕೆಗೇ ಕೊಡಬೇಕು. ಡಿಸ್ಕ್ ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಟ್ಟು ಬಂದೆವು. ಟ್ಯುಲಿಪ್ ಹೂವಿನ ನೂರಾರು ಫೋಟೋ ಅಳಿಸುವಾಗ ಯಾರಿಗೂ ನೋವಾಗಲಿಲ್ಲ.

ಕಷ್ಟವಾಗಿದ್ದು ಬೇರೆಯದು. ಒಂದು ಫೈಲಿನಲ್ಲಿ ಹಾಡು ಮುಗಿದ ಮೇಲೂ ರೆಕಾರ್ಡಿಂಗ್ ನಡೆದೇ ಇತ್ತು. ಅತ್ತೆಯವರು ಊರಿನ ಜಮೀನಿನ ವಿಷಯ, ಯಾರೋ ಆಡಿದ ಮಾತಿನ ನೋವು, ಎಲ್ಲ ಹೇಳಿಕೊಂಡಿದ್ದರು. ಎರಡು ನಿಮಿಷ ಕೇಳಿ ನಿಲ್ಲಿಸಿದೆ. ಹಾಡಿದ್ದು ಎಲ್ಲರಿಗೂ ಸೇರಿದ್ದು, ಆದರೆ ಅಡುಗೆಮನೆಯಲ್ಲಿ ಆಡಿದ್ದನ್ನು ಅವರು ಯಾರಿಗೂ ಬಿಟ್ಟುಹೋಗಿರಲಿಲ್ಲ. ಅಳಿಸಬೇಕು ಅಂದೆ. ನಮ್ಮನೆಯವರು, "ಅದೂ ನಮ್ಮವ್ವನ ದನೀನೇ" ಅಂದರು. ಅವರ ತಾಯಿ. ನಾನು ಹೆಚ್ಚು ವಾದ ಮಾಡಲಿಲ್ಲ. ಫೈಲ್ ಇನ್ನೂ ಇದೆ, ಆದರೆ ಅವರೂ ಇದುವರೆಗೆ ಅದನ್ನು ತೆರೆದು ಕೇಳಿಲ್ಲ.