ಮಾರುವವನ ಮಾತು

ಹಳೆಯ ಪೋರ್ಷೆ ಕಾರೊಂದನ್ನು ಕೊಂಡೆನೆಂದು 2013ರಲ್ಲಿ ಊರಿಗೆ ಫೋನು ಮಾಡಿ ಹೇಳಿದಾಗ ತಿಪಟೂರಿನ ನಮ್ಮ ಸೋದರಮಾವ ಬೆಲೆಯನ್ನು ಕೇಳಲಿಲ್ಲ, ಬಣ್ಣವನ್ನು ಕೇಳಲಿಲ್ಲ. "ಅಷ್ಟು ಒಳ್ಳೆಯ ಕಾರಾದರೆ ಅವನು ಯಾಕಪ್ಪ ಮಾರಿದ?" ಎಂದರು. ನಾನು ನಕ್ಕು ಮಾತನ್ನು ಬೇರೆ ಕಡೆಗೆ ತಿರುಗಿಸಿದೆ. ದನಗಳ ಜಾತ್ರೆಯಲ್ಲಿ ಬೆಳೆದವರು ಕೇಳುವ ಪ್ರಶ್ನೆ ಅದು. ಕಾರಿಗೆ ಹೊಂದುವುದಿಲ್ಲವೆಂದು ಆಗ ನನಗೆ ತೋರಿತ್ತು.

ನಾನಿದ್ದದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಹೊಟ್ಟೆಪಾಡಿನ ಕೆಲಸದ ಮೇಲೆ. ದಿನವೂ ನಾನು ಹತ್ತುತ್ತಿದ್ದ ರೈಲು ಊರ ಉತ್ತರಕ್ಕಿರುವ ಪೋರ್ಷೆ ಕಾರ್ಖಾನೆಯ ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಹನ್ನೊಂದು ವರ್ಷ ಕಿಟಕಿಯಿಂದ ನೋಡಿದ ಮೇಲೆ ಮನಸ್ಸು ಸೋತಿತು. ಕೊಂಡದ್ದು 1999ರ 911. ಬಲ್ಲವರು ಅದರ ಪೀಳಿಗೆಯನ್ನು 996 ಎಂಬ ಅಂಕೆಯಿಂದ ಗುರುತಿಸುತ್ತಾರೆ. 1963ರಲ್ಲಿ ಮೊದಲು ಕಾಣಿಸಿಕೊಂಡ 911ರ ಎಂಜಿನ್ನನ್ನು ಮೂರು ದಶಕಗಳಿಗೂ ಮೀರಿ ಗಾಳಿಯೇ ತಣಿಸುತ್ತಿತ್ತು. 1997ರಲ್ಲಿ ಬಂದ ಈ ಪೀಳಿಗೆಯಲ್ಲಿ ಆ ಕೆಲಸ ನೀರಿನ ಪಾಲಾಯಿತು. ಸಂಪ್ರದಾಯಸ್ಥರು ಮುನಿದರು, ಮುಂದೀಪಗಳ ಆಕಾರವನ್ನು ಹುರಿದ ಮೊಟ್ಟೆಗೆ ಹೋಲಿಸಿ ಹಂಗಿಸಿದರು. ಅವರ ಮುನಿಸಿನಿಂದ ಲಾಭವಾದದ್ದು ನನ್ನಂಥವರಿಗೆ. ಹಿಂದಿನ ಚಕ್ರಗಳ ಆಚೆಗೆ ಚಪ್ಪಟೆಯಾಗಿ ಮಲಗಿದ ಆರು ಸಿಲಿಂಡರು, 3.4 ಲೀಟರು, 300 ಕುದುರೆಗಳ ಶಕ್ತಿ, ಗಂಟೆಗೆ 280 ಕಿಲೋಮೀಟರು ಓಡಬಲ್ಲ ಯಂತ್ರ, ಇದೆಲ್ಲ 19,000 ಯೂರೋಗಳಿಗೆ ಸಿಕ್ಕಿತು.

ಬೆಲೆ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ ಎಂಬುದನ್ನು ಮಾತ್ರ ನನ್ನಿಂದ ಯಾರೂ ಮುಚ್ಚಿಟ್ಟಿರಲಿಲ್ಲ. ಹಿಂದಿನ ಚಕ್ರದ ಅಗಲವಾದ ಟೈರಿಗೆ ತಾನು ಎಷ್ಟನೆಯ ಯಜಮಾನನ ಕೈಯಲ್ಲಿದ್ದೇನೆಂಬುದು ತಿಳಿಯದು. ಸಣ್ಣ ಕಾರಿಗೆ ನಾಲ್ಕು ಲೀಟರು ಎಣ್ಣೆ ಸಾಕಾದರೆ ಇದಕ್ಕೆ ಎಂಟು ಲೀಟರಿಗೂ ಮೇಲೆ ಬೇಕು. ಆನೆಯನ್ನು ಅಗ್ಗಕ್ಕೆ ಕೊಂಡರೂ ಅದು ಮೇಯುವುದು ಆನೆಯಷ್ಟೇ.

ವೇಗದ ಸಂಗತಿ ಏನು ಎಂದು ಓದುಗರು ಕೇಳಬಹುದು. ಜರ್ಮನಿಯ ಹೆದ್ದಾರಿಗಳಲ್ಲಿ 130 ಎಂಬುದು ಸಲಹೆಯ ವೇಗ. ಮಿತಿಯ ಫಲಕವಿಲ್ಲದ ಕಡೆ ಅದನ್ನು ದಾಟಿದರೆ ದಂಡವಿಲ್ಲ. ಒಂದು ಭಾನುವಾರ ಬೆಳಗಿನ ಜಾವ ಎಂಬತ್ತೊಂದನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತ ಎರಡು ನಿಮಿಷ 230ರ ಮೇಲೆ ಓಡಿಸಿದೆ. ಸುಖಕ್ಕಿಂತ ಅಂಗೈ ಬೆವೆತದ್ದೇ ಹೆಚ್ಚು ನೆನಪಿದೆ. ನಿಜವಾದ ಸುಖ ಇದ್ದದ್ದು ಕಪ್ಪು ಕಾಡಿನ ತಿರುವುಗಳಲ್ಲಿ, ಎಂಬತ್ತು ತೊಂಬತ್ತರ ವೇಗದಲ್ಲಿ, ಬೆನ್ನ ಹಿಂದಿನಿಂದ ಏರುವ ಆ ದನಿಯಲ್ಲಿ. ಅಷ್ಟಕ್ಕೆ 300 ಕುದುರೆ ಬೇಕೆ ಎಂದರೆ ಉತ್ತರವಿಲ್ಲ. ಇರಲಿ.

ಕೊಂಡ ನಾಲ್ಕನೆಯ ತಿಂಗಳು ಎಣ್ಣೆ ಬದಲಾಯಿಸಿದ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಆ ಬೇರಿಂಗು ಹಳೆಯದೇ ಇದೆಯೋ?" ಎಂದ. ಯಾವ ಬೇರಿಂಗು? ಅವನು ವಿವರಿಸಿದ. ಈ ಎಂಜಿನ್ನಿನೊಳಗೆ ಒಂದು ನಡುದಂಡವಿದೆ. ಕ್ರ್ಯಾಂಕಿನ ಸುತ್ತನ್ನು ಕವಾಟಗಳನ್ನು ತೆರೆದು ಮುಚ್ಚುವ ದಂಡಗಳಿಗೆ ಮುಟ್ಟಿಸುವುದು ಅದರ ಕೆಲಸ. ಅದರ ಒಂದು ತುದಿ ಮುಚ್ಚಳ ಹಾಕಿದ ಗುಂಡಿನ ಬೇರಿಂಗಿನ ಮೇಲೆ ಕೂತಿದೆ. ಅದು ಪುಡಿಯಾದರೆ ಕವಾಟಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದು ಎಂಜಿನ್ನೇ ಹೋಗುತ್ತದೆ. ಬಹುಪಾಲು ಕಾರುಗಳಲ್ಲಿ ಅದು ಎಂದೂ ಕೆಡುವುದಿಲ್ಲ. ಅಮೆರಿಕದಲ್ಲಿ ಯಜಮಾನರು ನ್ಯಾಯಾಲಯಕ್ಕೆ ಹೋಗಿ, 2001ರಿಂದ 2005ರವರೆಗಿನ ಕಾರುಗಳ ಬಗ್ಗೆ ಅದೇ 2013ರಲ್ಲಿ ರಾಜಿಯಾಗಿತ್ತು. ನನ್ನದು ಅದಕ್ಕೆ ಮುಂಚಿನದು, ಎರಡು ಸಾಲು ಗುಂಡುಗಳದ್ದು, ಇನ್ನೂ ಅಪರೂಪಕ್ಕೆ ಕೆಡುವಂಥದು. ಬೇರಿಂಗನ್ನು ಮುಟ್ಟಬೇಕಾದರೆ ಗೇರುಪೆಟ್ಟಿಗೆಯನ್ನೇ ಇಳಿಸಬೇಕಾದ್ದರಿಂದ ಕ್ಲಚ್ಚು ಸವೆದಾಗ ಜೊತೆಗೇ ಇದನ್ನೂ ಬದಲಾಯಿಸುವುದು ವಾಡಿಕೆ. ನನ್ನ ಕ್ಲಚ್ಚು ಚೆನ್ನಾಗಿತ್ತು. ನಾನು ಬದಲಾಯಿಸಲಿಲ್ಲ. ಆರು ವರ್ಷ ಪ್ರತಿ ಬೆಳಗ್ಗೆ ಕಿವಿಗೊಟ್ಟು ಕೇಳಿದೆ. ಏನೂ ಆಗಲಿಲ್ಲ.

ಆದರೆ ಆ ಆರು ವರ್ಷವೂ ಮಾರಿದವರ ಮೇಲೆ ನನಗೊಂದು ಕೋಪವಿತ್ತು. ನಿವೃತ್ತರಾದ ಮುದುಕರು, ಮಿತಭಾಷಿ. ದಪ್ಪನಾದ ಕಡತವೊಂದನ್ನು ನನ್ನ ಕೈಗಿತ್ತು, "ಎಲ್ಲ ಇದರಲ್ಲಿದೆ" ಎಂದಿದ್ದರು, ಅಷ್ಟೆ. ಬೇರಿಂಗಿನ ವಿಷಯ ಬಾಯಿಬಿಟ್ಟು ಹೇಳಬಾರದಾಗಿತ್ತೆ?

2019ರಲ್ಲಿ ಊರಿಗೆ ಹಿಂದಿರುಗುವುದು ನಿಶ್ಚಯವಾಗಿ ಮಾರುವ ಸರದಿ ನನಗೆ ಬಂತು. ಆ ದೇಶದ ಕಾನೂನು ಸರಳವಾಗಿದೆ: ವ್ಯಾಪಾರಿಯಲ್ಲದವನು 'ಇದ್ದದ್ದು ಇದ್ದ ಹಾಗೆ' ಎಂದು ಬರೆದು ಮಾರಬಹುದು, ಆದರೆ ತಿಳಿದೂ ವಂಚನೆಯಿಂದ ಮುಚ್ಚಿಟ್ಟ ದೋಷಕ್ಕೆ ಆ ಬರಹದ ರಕ್ಷಣೆಯಿಲ್ಲ. ಕೆಡದೆ ಇರುವ ಬೇರಿಂಗು ದೋಷವೆ? ಅದು ಬರೀ ಭಯ. ಭಯವನ್ನು ಮಾರಾಟಪತ್ರದಲ್ಲಿ ಕಾಣಿಸಬೇಕೆ?

ಪ್ರಶ್ನೆ ಹಳೆಯದು. ಕ್ರಿ. ಪೂ. 44ರಲ್ಲಿ ರೋಮಿನ ಸಿಸೆರೋ ತನ್ನ ಮಗನಿಗೆಂದು ಕರ್ತವ್ಯದ ಮೇಲೆ ಗ್ರಂಥವೊಂದನ್ನು ಬರೆದ. ಅದರ ಮೂರನೆಯ ಭಾಗದಲ್ಲಿ ಈ ಕಥೆ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವರ್ತಕನಿಗೆ ತನ್ನ ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿವೆಯೆಂದು ಗೊತ್ತು. ಹೇಳಿದರೆ ಬೆಲೆ ಬೀಳುತ್ತದೆ, ಹೇಳಬೇಕೆ? ಬ್ಯಾಬಿಲೋನಿನ ಡಯೋಜೆನೀಸನು, ಕಾನೂನು ಕೇಳುವಷ್ಟನ್ನು ಹೇಳಿದರೆ ಸಾಕು, ಸುಮ್ಮನಿರುವುದೇ ಬೇರೆ ಮುಚ್ಚಿಡುವುದೇ ಬೇರೆ ಎನ್ನುತ್ತಾನೆ. ಅವನ ಶಿಷ್ಯ ಆಂಟಿಪೇಟರನು, ನಿನಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿಯಬೇಕು ಎನ್ನುತ್ತಾನೆ. ಸಿಸೆರೋ ಶಿಷ್ಯನ ಪಕ್ಷ. ನಾನು ಲೆಕ್ಕ ಹಾಕಿ ನೋಡಿದೆ: ಆರು ವರ್ಷ ಆಂಟಿಪೇಟರನ ಅನುಯಾಯಿಯಾಗಿದ್ದವನು ಕಾರನ್ನು ಮಾರಲು ಹೊರಟ ವಾರವೇ ಡಯೋಜೆನೀಸನ ಕಡೆಗೆ ಬಂದಿದ್ದೆ.

ನಮ್ಮ ಶಾಂತಿಪರ್ವದ ತುಲಾಧಾರನೂ ವರ್ತಕನೇ. ಕಾಶಿಯ ಅಂಗಡಿಯಲ್ಲಿ ಕೂತು ತಪಸ್ವಿಯಾದ ಜಾಜಲಿಗೆ ಧರ್ಮವನ್ನು ಹೇಳಿದವನು. ಅವನ ತಕ್ಕಡಿ ಎಲ್ಲರಿಗೂ ಸಮ. ಆದರೆ ಅವನು ತೂಗಿದ್ದು ಕಣ್ಣೆದುರಿನ ಸರಕನ್ನು. ನಾಳೆ ಆಗಬಹುದಾದ, ಬಹುಶಃ ಆಗದೆಯೇ ಹೋಗುವ ಕೇಡನ್ನು ಯಾವ ತಟ್ಟೆಯಲ್ಲಿಡುವುದು? ಮೆಲ್ಲಗೆ ಹೇಳಿದರೆ ಹೇಳಿದ ಹಾಗಾಗುವುದಿಲ್ಲ. ಗಟ್ಟಿಯಾಗಿ ಹೇಳಿದರೆ ಒಳ್ಳೆಯ ಯಂತ್ರದ ಮೇಲೆ ಅಪವಾದ ಹೊರಿಸಿದ ಹಾಗೆ. ಅದೂ ಒಂದು ಬಗೆಯ ಸುಳ್ಳು.

ಆಗ ನೆನಪಾದವರು ನಮ್ಮ ತಂದೆ. ಸಿದ್ಧಗಂಗೆಯ ಜಾತ್ರೆಯಲ್ಲಿ ಒಮ್ಮೆ ಎತ್ತನ್ನು ಮಾರಲು ಹೋಗಿದ್ದೆವು. ನನಗೆ ಒಂಬತ್ತು ವರ್ಷ. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ ಬೆರಳು ಹಿಡಿದು ಕುದುರಿಸುತ್ತಾರೆ. ಕೊಳ್ಳುವವನು ಹಲ್ಲು ನೋಡಿದ, ಸುಳಿ ನೋಡಿದ. ದಲ್ಲಾಳಿ ಟವಲು ಬಿಚ್ಚುವಷ್ಟರಲ್ಲಿ ತಂದೆ, "ಬಿಸಿಲೇರಿದರೆ ಇದು ನೊಗದಲ್ಲೇ ಮಲಗುತ್ತದೆ, ನೋಡಿಕೊಳ್ಳಿ" ಎಂದರು. ಅವನು ಹೋದ. ಇನ್ನೊಬ್ಬನೂ ಹೋದ. ಸಂಜೆಗೆ ಮೂರನೆಯವನು ಕಡಿಮೆ ಬೆಲೆಗೆ ಹೊಡೆದುಕೊಂಡು ಹೋದ. ಮನೆಯಲ್ಲಿ ತಾಯಿಯ ಕೈಯಲ್ಲಿ ತಂದೆಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದು ಬೇಡ.

ಕೊಳ್ಳುವ ಹುಡುಗ ಬರುವ ಹಿಂದಿನ ರಾತ್ರಿ ಕಡತವನ್ನು ಜೋಡಿಸುತ್ತ ಕೂತೆ. ರಸೀತಿಗಳ ನಡುವೆ ನಾನು ಎಂದೂ ತಿರುವಿರದ ಒಂದು ಹಾಳೆ. ಮುದುಕರ ಕೈಬರಹ. ಬೇರಿಂಗಿನ ಹೆಸರು, ಕೆಟ್ಟರೆ ಆಗುವುದೇನು, ಬದಲಾಯಿಸಲು ತಗಲುವ ಅಂದಾಜು ಖರ್ಚು, ಕೆಳಗೆ ಕೆಂಪು ಪೆನ್ಸಿಲಿನ ಎರಡು ಗೆರೆ. ಎಲ್ಲ ಇದರಲ್ಲಿದೆ ಎಂದಿದ್ದರಲ್ಲ, ಇತ್ತು. ಆ ದಿನ ನನ್ನ ಕೈಯಲ್ಲಿ ಕಡತವಿತ್ತು, ಕಣ್ಣು ಕಾರಿನ ಮೇಲಿತ್ತು. ಆರು ವರ್ಷದ ಕೋಪವನ್ನು ಎಲ್ಲಿಡಬೇಕೆಂದು ತಿಳಿಯದೆ ತುಂಬ ಹೊತ್ತು ಕೂತಿದ್ದೆ. ಅವರು ಹೇಳಿದ್ದರೆಂದು ಒಪ್ಪಿದೆ. ನನಗೆ ಕೇಳಿಸುವ ಹಾಗೆ ಹೇಳಿದ್ದರೆಂದು ಒಪ್ಪಲು ಮಾತ್ರ ಮನಸ್ಸು ಬರಲಿಲ್ಲ.

ಬೆಳಗ್ಗೆ ಮೊದಲ ಮಾತೇ ಅದಾಗಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಹುಡುಗನಿಗೆ ಇಪ್ಪತ್ತೈದಿರಬಹುದು. ಬಾಗಿಲಲ್ಲೇ ನಿಂತು, "ಒಮ್ಮೆ ಸ್ಟಾರ್ಟು ಮಾಡಲೆ?" ಎಂದ. ಆ ಮುಖವನ್ನು ನೋಡಿ ಬೀಗದ ಕೈ ಕೊಟ್ಟುಬಿಟ್ಟೆ. ಚಕ್ರದ ಎಡಕ್ಕಿರುವ ಬೀಗಕ್ಕೆ ಅವನ ಕೈ ತಾನಾಗಿ ಹೋಯಿತು. ಎಷ್ಟು ಸಲ ಕನಸಿನಲ್ಲಿ ತಿರುಗಿಸಿದ್ದನೋ. ನಲವತ್ತು ನಿಮಿಷ ಸುತ್ತಿ ಬಂದೆವು. ಆಮೇಲೆ ಎಲ್ಲವನ್ನೂ ಹೇಳಿದೆ: ಬೇರಿಂಗು, ಅದು ಕೆಡುವುದು ಎಷ್ಟು ಅಪರೂಪ, ಕೆಟ್ಟರೆ ಎಷ್ಟು ನಷ್ಟ, ಒಂದನ್ನೂ ಬಿಡಲಿಲ್ಲ. ಅವನು ಪ್ರತಿ ಮಾತಿಗೂ ತಲೆಯಾಡಿಸಿದ. ಐನೂರು ಯೂರೋ ಕಡಿಮೆ ಕೇಳಿದ, ಬಿಟ್ಟೆ. ಕಡತವನ್ನು ಪಕ್ಕದ ಸೀಟಿನ ಮೇಲೆ ಎಸೆದು ಹೊರಟುಹೋದ.

ಹೇಳಿದೆನೆಂಬ ಸಮಾಧಾನ ಸಂಜೆಯವರೆಗೆ ಇತ್ತು. ರಾತ್ರಿ ತಂದೆಯ ಟವಲು ನೆನಪಾಯಿತು. ನಾನು ಹೇಳಿದ್ದು ಬೆರಳು ಹಿಡಿದಾದ ಮೇಲೆ, ಹುಡುಗನ ಕಿವಿಯ ತುಂಬ ಆ ದನಿ ತುಂಬಿಕೊಂಡಾದ ಮೇಲೆ.

ಮಾರನೆಯ ದಿನ ಫೋನು ಮಾಡಿದೆ. "ಕಡತದಲ್ಲಿ ಕೆಂಪು ಗೆರೆ ಎಳೆದ ಹಾಳೆಯೊಂದಿದೆ, ಓದಿದಿರಾ?" ಎಂದು ಕೇಳಿದೆ. ಹಿಂದೆ ನೀರು ಸುರಿಯುವ ಸದ್ದು.

"ಓದುತ್ತೇನೆ, ಓದುತ್ತೇನೆ. ಈಗ ಕಾರು ತೊಳೆಯುತ್ತಿದ್ದೇನೆ" ಎಂದ.