ಸಂಕಲ್ಪವೂ ಹಸಿವೂ

ಮನುಷ್ಯನು ಪರಾರ್ಥಕ್ಕಾಗಿ ತನ್ನ ದೇಹವನ್ನು ಒಪ್ಪಿಸುವುದು ಶ್ಲಾಘ್ಯವೆಂಬ ವಿಷಯದಲ್ಲಿ ಪುರಾಣಗಳಿಗೆ ಸಂದೇಹವಿಲ್ಲ. ದಧೀಚಿಯು ತನ್ನ ಅಸ್ಥಿಗಳನ್ನಿತ್ತನು. ಶಿಬಿಯು ತನ್ನ ಮಾಂಸವನ್ನು ಕೊಯ್ದು ತಕ್ಕಡಿಗೆ ಹಾಕಿದನು. ಆದರೆ ಕೊಡುತ್ತಿರುವಾಗಲೇ ಕೊಡುವವನ ಮನಸ್ಸು ಕ್ಷಯಿಸುತ್ತ ಹೋದರೆ, ಮೊದಲು ಆಡಿದ ಮಾತು ಕಡೆಯವರೆಗೂ ಅವನದೇ ಮಾತಾಗಿ ಉಳಿಯುವುದೆ? ಈ ಪ್ರಶ್ನೆಯನ್ನು ಅಮೆರಿಕದ ಒಂದು ಪ್ರಯೋಗಶಾಲೆಯು, ತಾನು ಉದ್ದೇಶಿಸದೆಯೇ, ಎತ್ತಿಕೊಟ್ಟಿತು.

ಎರಡನೆಯ ಮಹಾಯುದ್ಧದ ಕಡೆಯಲ್ಲಿ ಯೂರೋಪಿನ ಜನರು ಅನ್ನವಿಲ್ಲದೆ ಬತ್ತಿಹೋಗಿದ್ದರು. ಅಂಥ ದೇಹಕ್ಕೆ ಮರಳಿ ಆಹಾರವನ್ನು ಕೊಡತಕ್ಕ ಕ್ರಮವು ವೈದ್ಯರಿಗೆ ಚೆನ್ನಾಗಿ ತಿಳಿದಿರಲಿಲ್ಲ. ಆದುದರಿಂದ ಮಿನೆಸೋಟ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಎಂಬವರು 1944ರ ನವೆಂಬರಿನಲ್ಲಿ 36 ಮಂದಿ ಆರೋಗ್ಯವಂತ ತರುಣರನ್ನು, ಕ್ರೀಡಾಂಗಣದ ಕೆಳಗಿದ್ದ ತಮ್ಮ ಪ್ರಯೋಗಶಾಲೆಗೆ ಸೇರಿಸಿಕೊಂಡರು. ಇವರು ಕೊಲ್ಲುವುದು ಅಧರ್ಮವೆಂದು ಸೈನ್ಯಕ್ಕೆ ಸೇರಲೊಪ್ಪದವರು. ತಾವಾಗಿಯೇ ಮುಂದೆ ಬಂದವರು. ಮೊದಲು 12 ವಾರ ಪೂರ್ಣಾಹಾರ. ಅನಂತರ 24 ವಾರ ಅದರ ಸುಮಾರು ಅರ್ಧ: ಆಲೂಗೆಡ್ಡೆ, ಟರ್ನಿಪ್ ಗೆಡ್ಡೆ, ರೊಟ್ಟಿ, ಮ್ಯಾಕರೋನಿ. ದಿನಕ್ಕೆ ಎರಡೇ ಊಟ. ವಾರಕ್ಕೆ 22 ಮೈಲಿ ನಡಿಗೆ. ದೇಹವು ನಾಲ್ಕನೆಯ ಒಂದು ಪಾಲು ತೂಕವನ್ನು ಕಳೆದುಕೊಳ್ಳಬೇಕೆಂಬುದು ಲೆಕ್ಕ. ತೂಕವು ಲೆಕ್ಕಕ್ಕಿಂತ ನಿಧಾನವಾಗಿ ಇಳಿದರೆ ಮುಂದಿನ ವಾರ ರೊಟ್ಟಿಯ ತುಂಡುಗಳು ಕಡಿಮೆಯಾಗುತ್ತಿದ್ದವು.

ದೇಹಬಲವು ಕುಂದಿತು, ನಾಡಿಯು ನಿಧಾನವಾಯಿತು, ಕಾಲುಗಳು ಊದಿದವು. ಮೆಟ್ಟಿಲು ಹತ್ತುವುದೂ ಪ್ರಯಾಸವಾಯಿತು. ಇವೆಲ್ಲ ನಿರೀಕ್ಷಿತವೇ. ನಿರೀಕ್ಷೆಯನ್ನು ಮೀರಿದ್ದು ಮನಸ್ಸಿನ ಅವಸ್ಥೆ. ಸುಶಿಕ್ಷಿತರಾದ ಆ ತರುಣರು ಅಡುಗೆಯ ಪುಸ್ತಕಗಳನ್ನು ಕಾವ್ಯದಂತೆ ಓದತೊಡಗಿದರು, ತಟ್ಟೆಗಳನ್ನು ನೆಕ್ಕಿದರು, ಒಂದು ತುತ್ತನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ಸ್ನೇಹ, ವಿನೋದ, ಪ್ರಣಯ ಯಾವುದರಲ್ಲಿಯೂ ರುಚಿಯುಳಿಯಲಿಲ್ಲ. ಕೆಲವರು ಊರಿನೊಳಗೆ ಹೋಗಿ ಗುಟ್ಟಾಗಿ ತಿಂದರು. ಆಗ, ಜೊತೆಗಾರನಿಲ್ಲದೆ ಯಾರೂ ಹೊರಗೆ ಹೋಗಕೂಡದೆಂಬ ನಿಯಮವು ಹುಟ್ಟಿತು.

ಈ ಜೊತೆಗಾರನು ಮಿತ್ರನೋ ಕಾವಲುಗಾರನೋ? ನವೆಂಬರಿನಲ್ಲಿ ಮಾತು ಕೊಟ್ಟ ತರುಣನ ಪಕ್ಷದಿಂದ ನೋಡಿದರೆ ಮಿತ್ರನೇ ಸರಿ. ಮುಂದೆ ಬರತಕ್ಕ ತನ್ನ ದೌರ್ಬಲ್ಯದಿಂದ ತನ್ನನ್ನು ಕಾಪಾಡೆಂದು ಕೇಳಿಕೊಳ್ಳುವುದು ವಿವೇಕಿಯ ಲಕ್ಷಣ. ಜುಲೈ ತಿಂಗಳಲ್ಲಿ ಬೇಕರಿಯ ಮುಂದೆ ನಿಂತವನ ಪಕ್ಷದಿಂದ ನೋಡಿದರೆ ಹಾಗೆನ್ನುವುದು ಕಷ್ಟ. ಬಾಗಿಲಿಗೆ ಬೀಗವಿರಲಿಲ್ಲವೆಂಬುದು ನಿಜ. ಆದರೆ ಹೇಡಿಗಳೆಂದು ಸಮಾಜದಿಂದ ಆಗಲೇ ಅನ್ನಿಸಿಕೊಂಡವರಿಗೆ ನಾಚಿಕೆಯೇ ಬೀಗವಾಗಬಲ್ಲದು. ದಧೀಚಿಗೆ ಈ ಕಷ್ಟವಿರಲಿಲ್ಲ. ಆತನು ಒಮ್ಮೆ ನಿಶ್ಚಯಿಸಿದನು, ದೇಹವನ್ನು ಬಿಟ್ಟನು. ಇವರಾದರೋ ಅದೇ ನಿಶ್ಚಯವನ್ನು ದಿನಕ್ಕೆರಡು ಸಲ, ತಟ್ಟೆಯ ಮುಂದೆ ಕುಳಿತು, ಮತ್ತೆ ಮತ್ತೆ ಮಾಡಬೇಕಾಗಿತ್ತು.

ಧರ್ಮಶಾಸ್ತ್ರಕಾರರು ಉಪವಾಸವನ್ನು ವಿಧಿಸುವಾಗ ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ ವಿನಾಯಿತಿಯನ್ನಿತ್ತರು. ಸಂಕಲ್ಪದ ಬೆಲೆಯನ್ನು ಅವರು ಅರಿಯದವರಲ್ಲ. ಆದರೂ ವ್ರತವನ್ನು ನಡೆಸುತ್ತಿರುವವನ ಈಗಿನ ಸ್ಥಿತಿಯನ್ನೂ ನೋಡಿದರು. 1947ರ ನ್ಯೂರೆಂಬರ್ಗ್ ಸಂಹಿತೆಯು ನಾಜಿ ವೈದ್ಯರ ಕ್ರೌರ್ಯವನ್ನು ಕಂಡ ಬಳಿಕ ಹುಟ್ಟಿದುದು. ಅದೂ, ಪ್ರಯೋಗಕ್ಕೊಳಗಾದವನು ಇನ್ನು ತಾಳಲಾರೆನೆಂದರೆ ಅಲ್ಲಿಗೇ ನಿಲ್ಲಿಸುವ ಸ್ವಾತಂತ್ರ್ಯವು ಅವನಿಗಿರಬೇಕೆಂದು ವಿಧಿಸಿತು. ಹಾಗಾದರೆ ಜೊತೆಗಾರನು ಮಿತ್ರನಾಗುವುದು ಒಂದೇ ನಿಬಂಧನೆಯ ಮೇಲೆ: "ನಾನು ಹೊರಟೆ" ಎಂದವನನ್ನು ಅವಮಾನವಿಲ್ಲದೆ ಬೀಳ್ಕೊಡಬೇಕು. ಅವಮಾನವನ್ನು ತಡೆಯುವುದು ಯಾವ ಸಂಹಿತೆಯ ಕೈಯಲ್ಲಿದೆ, ಅದು ಬೇರೆ ಮಾತು.

ಪ್ರಯೋಗವು ನಿಷ್ಫಲವಾಗಲಿಲ್ಲ. ಬತ್ತಿದ ದೇಹಕ್ಕೆ ಮೊದಲು ಬೇಕಾದುದು ಸಾಕಷ್ಟು ಅನ್ನ, ಅದಿಲ್ಲದೆ ಜೀವಸತ್ವದ ಗುಳಿಗೆಗಳಿಂದ ಪ್ರಯೋಜನವಿಲ್ಲವೆಂದು ತಿಳಿಯಿತು. ಪೂರ್ಣ ವರದಿಯು 1950ರಲ್ಲಿ ಎರಡು ಸಂಪುಟಗಳಾಗಿ ಬರುವ ವೇಳೆಗೆ ಯುದ್ಧವು ಮುಗಿದು ಐದು ವರ್ಷಗಳಾಗಿದ್ದವು. ಪರಿಹಾರಕಾರ್ಯದವರಿಗಾಗಿ ಒಂದು ಸಣ್ಣ ಕೈಪಿಡಿ ಮಾತ್ರ 1946ರಲ್ಲಿಯೇ ಹೊರಬಂದಿತ್ತು.

ಸುಮಾರು ಅರುವತ್ತು ವರ್ಷಗಳ ಮೇಲೆ, 2003-04ರಲ್ಲಿ, ಬದುಕಿದ್ದ 18 ಮಂದಿಯನ್ನು ಸಂಶೋಧಕರು ಕಂಡು ವಿಚಾರಿಸಿದರು. ಎಲ್ಲವನ್ನೂ ಅರಿತ ಮೇಲೆಯೂ ಮತ್ತೆ ಹಾಗೆಯೇ ಮಾಡುತ್ತಿದ್ದೆವೆಂದು ಅವರಲ್ಲಿ ಹೆಚ್ಚಿನವರು ಹೇಳಿದರು. ಉತ್ತರವು ಉದಾತ್ತವಾದುದು, ನಂಬತಕ್ಕದ್ದೂ ಹೌದು. ಆದರೆ ಉತ್ತರವಿತ್ತವರು ಉಂಡು ತೃಪ್ತರಾಗಿದ್ದ ವೃದ್ಧರು. 1945ರ ಜುಲೈಯಲ್ಲಿ ತಟ್ಟೆ ನೆಕ್ಕುತ್ತಿದ್ದ ತರುಣನ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರವು ಅವರಿಗೂ ಉಂಟೆ?